ಗುಡ್ಡದ ಹಿಂದಿನ ಮನೆಗೆ ಕಾರವಾರ ಸ್ಟೇಷನ್

ಅಂಕೋಲಾ ಬದಿಯ ನಮ್ಮ ಮನೆಗೆ ಮೂರು ಕಡೆ ಗುಡ್ಡ. ಕಾರವಾರ ಆಕಾಶವಾಣಿ 102.3 ಮೆಗಾಹರ್ಟ್ಸ್‌ನಲ್ಲಿದೆ, ಆದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿದ್ದದ್ದು ಒಗ್ಗರಣೆ ಸಿಡಿದ ಸದ್ದು ಮಾತ್ರ. ಆಯಿ ರೇಡಿಯೋದ ಕಡ್ಡಿ ಹಿಡಿದು ನಿಂತರೆ ಸ್ಪಷ್ಟ, ಬಿಟ್ಟರೆ ಹೋಯಿತು. ಹಾಗೆ ನಿಂತೇ ಇದ್ದರೆ ದೋಸೆ ಹೊಯ್ಯುವವರು ಯಾರು?

ಅದಕ್ಕೇ ಡೈಪೋಲ್, ಅಂದರೆ ಎರಡು ತೋಳಿನ ಆಂಟೆನಾ ಕಟ್ಟಿದೆ. 150ನ್ನು 102.3ರಿಂದ ಭಾಗಿಸಿದರೆ 1.466 ಮೀಟರ್, ಅಂದರೆ ಆ ರೇಡಿಯೋ ಅಲೆಯ ಅರ್ಧ ಉದ್ದ. ಲೋಹದ ಕೊಳವೆಗೆ ನೂರಕ್ಕೆ ಐದು ಕಳೆಯಬೇಕು: 1.39 ಮೀಟರ್. ನಡುವೆ ಕತ್ತರಿಸಿ, ಒಂದೊಂದು ತೋಳು ಹೆಚ್ಚುಕಡಿಮೆ 70 ಸೆಂ.ಮೀ. ಅಟ್ಟದ ಮೇಲೆ ಬಿದ್ದಿದ್ದ ಹಳೇ ಟಿವಿ ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳೇ ಸಾಕಾದವು. ತೋಳುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಪ್ಲಾಸ್ಟಿಕ್ ತುಂಡಿಗೆ ಬಿಗಿಯಿರಿ.

ಈ ನಡುವಿನ ಬಾಯಲ್ಲಿ ಸಿಗ್ನಲ್ಲಿಗೆ ಸುಮಾರು 73 ಓಮ್ ತಡೆ (ಇಂಪಿಡೆನ್ಸ್) ಇರುತ್ತದೆ; ವೈರಿನದೂ ಅಷ್ಟೇ ಇದ್ದರೆ ಸಿಗ್ನಲ್ ವಾಪಸು ಹೋಗುವುದಿಲ್ಲ. ಕೇಬಲ್ ಟಿವಿಯವರ ಆರ್‌ಜಿ-6 ವೈರ್ 75 ಓಮ್. ಹೇಳಿ ಮಾಡಿಸಿದ ಜೋಡಿ. 50 ಓಮಿನ ವೈರ್ ಸಿಕ್ಕಿದರೂ ತಲೆ ಕೆಡಿಸಿಕೊಳ್ಳಬೇಡಿ, ವಾಪಸು ಹೋಗುವ ಸಿಗ್ನಲ್ ನೂರಕ್ಕೆ ನಾಲ್ಕರಷ್ಟು, ಕಿವಿಗೆ ಗೊತ್ತೇ ಆಗುವುದಿಲ್ಲ. ಹಳೇ ಚಪ್ಪಟೆ ವೈರ್ ಮಾತ್ರ 300 ಓಮಿನದು. ಅದನ್ನು 75ಕ್ಕೆ ನೇರ ಕಟ್ಟಿದರೆ ನೂರಕ್ಕೆ 36 ಹೋಯಿತು. ಕೇಬಲಿನ ನಡುತಂತಿ ಒಂದು ತೋಳಿಗೆ, ಜಾಲರಿ ಇನ್ನೊಂದಕ್ಕೆ. ಕೆಳಗೆ ನಡುತಂತಿಯನ್ನು ಕ್ಲಿಪ್ ಹಾಕಿ ರೇಡಿಯೋದ ಕಡ್ಡಿಗೆ, ಜಾಲರಿಯನ್ನು ಬ್ಯಾಟರಿಯ ಮೈನಸ್ ಸ್ಪ್ರಿಂಗಿಗೆ.

ನನ್ನ ತಪ್ಪು ಕೇಳಿ. ತಾಮ್ರದ ತಂತಿಯನ್ನು ಅಲ್ಯೂಮಿನಿಯಂಗೆ ಹಾಗೇ ಸುತ್ತಿದ್ದೆ. ಒಂದು ಮಳೆಗಾಲ, ಮೇಲಿಂದ ಉಪ್ಪುಗಾಳಿ. ದೀಪಾವಳಿ ಹೊತ್ತಿಗೆ ಬಿಚ್ಚಿದರೆ ಜಾಗದ ತುಂಬ ಬಿಳಿ ಪುಡಿ, ತಂತಿ ಕೈಯಲ್ಲೇ ಕಳಚಿ ಬಂತು. ಈಗ ನಡುವೆ ಸ್ಟೀಲ್ ವಾಷರ್ ಇಟ್ಟು ಸ್ಟೀಲ್ ಬೋಲ್ಟ್ ಬಿಗಿದು, ಮೇಲೆ ಎಂ-ಸೀಲ್ ಮೆತ್ತಿದ್ದೇನೆ. ಕೇಬಲನ್ನು ಒಂದು ಸುತ್ತು ಜೋತು ಬಿಟ್ಟಿದ್ದರಿಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ.

ಆಂಟೆನಾ ಎತ್ತರದ ಲೆಕ್ಕ ಹೀಗೆ: ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ, ಅಂದರೆ ಅಡ್ಡಿಯಿಲ್ಲದೆ ಅಲೆ ತಲುಪುವ ದೂರ, ಎಷ್ಟು ಕಿ.ಮೀ. ಅಂತ ಬರುತ್ತದೆ. 4 ಮೀಟರಿಗೆ 8, 9 ಮೀಟರಿಗೆ 12. ಎದುರಿನ ಸ್ಟೇಷನ್ನಿನ ದಿಗಂತವನ್ನೂ ಇದಕ್ಕೆ ಕೂಡಿಸಿ. ಗುಡ್ಡ ಅಡ್ಡ ಇದ್ದವರಿಗೆ ಈ ಲೆಕ್ಕ ಅರ್ಧ ಸತ್ಯ. ನಮ್ಮಲ್ಲಿ ಬರುವುದು ಎದುರಿನ ಗುಡ್ಡಕ್ಕೆ ಬಡಿದು ಮರಳಿದ ಅಲೆ. ಅಡಕೆ ದಬ್ಬೆ ನೆಟ್ಟು, ತೋಳುಗಳ ಮಗ್ಗುಲು ಸಿಗ್ನಲ್ ಬರುವ ದಿಕ್ಕಿಗಿರುವಂತೆ ತಿರುಗಿಸಿದರೂ ಗರಗರ. ದಬ್ಬೆಯನ್ನು ಎರಡು ಹೆಜ್ಜೆ ಬಾವಿಯ ಕಡೆ ಸರಿಸಿದ್ದೇ ತಡ, ವಾರ್ತೆ ಓದುವವರು ಜಗಲಿಗೇ ಬಂದು ಕೂತಂತಾಯಿತು. ತೋಳುಗಳನ್ನು ಮಲಗಿಸಿ ನೋಡಿ, ನಿಲ್ಲಿಸಿಯೂ ನೋಡಿ.

ಸಣ್ಣ ಟ್ರಾನ್ಸ್‌ಮೀಟರ್ ಕಟ್ಟುವ ಮಾಣಿಗಳೂ ಇದೇ ಅಳತೆ ಕೇಳಿಕೊಂಡು ಬರುತ್ತಾರೆ. ಅಳತೆ ಅದೇ. ಬಯಲಲ್ಲೂ ದೂರ ಎರಡು ಪಟ್ಟಾಗಲು ಪವರ್ ನಾಲ್ಕು ಪಟ್ಟು ಬೇಕು ತಮಾ, ಮೇಲಾಗಿ ಲೈಸೆನ್ಸ್ ಇಲ್ಲದೆ ಎಫ್‌ಎಂನಲ್ಲಿ ಪ್ರಸಾರ ಮಾಡುವುದು ಅಪರಾಧ ಅಂತ ಹೇಳಿ ಕಳಿಸುತ್ತೇನೆ.

ಗುಡುಗು ಇನ್ನೂ ದೂರ ಇರುವಾಗಲೇ ಕೇಬಲ್ ಕಿತ್ತು ಅಂಗಳಕ್ಕೆ ಹಾಕಿಬಿಡಿ.