ನಾಯಿ ಇದ್ರೂ ದಾವಣಗೆರೇಲಿ ಬಾಡಿಗೆ ಮನೆ ಸಿಕ್ತು

ವಿದ್ಯಾನಗರ, ನಿಟ್ಟುವಳ್ಳಿ ಎಲ್ಲಾ ಸುತ್ತಿದ್ದಾಯ್ತು, ನಾಯಿ ಅಂದ ತಕ್ಷಣ ಓನರ್‌ಗಳು ಮುಖ ತಿರುಗಿಸೋರು. ಆಮೇಲೆ ಒಂದು ಫೈಲ್ ಮಾಡ್ಕೊಂಡೆ, ರೇಬಿಸ್ ಇಂಜೆಕ್ಷನ್ ಬುಕ್ಕು ಡಾಕ್ಟರ್ ಸೀಲ್ ಸಮೇತ, ಹಳೇ ಓನರ್ ಬರ್ಕೊಟ್ಟ ಎರಡು ಸಾಲು. ಎಂಸಿಸಿ ಬಿ ಬ್ಲಾಕಲ್ಲಿ ಮನೆ ನೋಡೋಕೆ ವಾಕಿಂಗ್ ಮುಗ್ಸಿ ನಾಯಿನೂ ಕರ್ಕೊಂಡೇ ಹೋದೆ, ಸುಸ್ತಾಗಿ ಓನರ್ ಆಂಟಿ ಚಪ್ಪಲಿ ಪಕ್ಕದಲ್ಲೇ ಮಲ್ಕೊಂಡ್ಬಿಡ್ತು. "ಬೊಗಳುತ್ತೇನಪ್ಪಾ?" ಅಂದ್ರು. ಬೆಲ್ ಹೊಡೆದ್ರೆ ಬೊಗಳುತ್ತೆ ಆಂಟಿ ಅಂದೆ, ಸುಳ್ಳು ಹೇಳಿ ಮನೆ ಹಿಡಿಯೋದು ಬೇಡಪ್ಪ. ಬಾಗಿಲು, ಸೊಳ್ಳೆ ಮೆಶ್ ಗೀರಿದ್ರೆ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಂತ 11 ತಿಂಗಳ ಅಗ್ರಿಮೆಂಟಲ್ಲೇ ಬರೆಸಿ, ಸಾಮಾನು ಇಳಿಸೋ ಮುಂಚೆನೇ ಎಲ್ಲಾ ಫೋಟೋ ತೆಗೆದು ಅವ್ರಿಗೆ ವಾಟ್ಸಪ್ ಮಾಡ್ದೆ.

ಅಪಾರ್ಟ್‌ಮೆಂಟ್ ನೋಡೋರಿಗೆ ಒಂದ್ಮಾತು, ಸಂಘದೋರು ನಾಯಿ ಸಾಕೋದನ್ನ ಬ್ಯಾನ್ ಮಾಡಂಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ಆದ್ರೂ ಓನರ್ ಹತ್ರ ಮೊದ್ಲೇ ಕೇಳ್ಕೊಳ್ಳಿ.