ಹಿನ್ನೀರಿನ ದೋಣಿಗೆ ಹೆಚ್ಚು ಬಲ: ನನ್ನ ಅನುಭವ

ಶರಾವತಿ ಹಿನ್ನೀರಿನಲ್ಲಿ ಎದುರುಗಾಳಿ ಬಿದ್ದರೆ, ಜನ ತುಂಬಿದ ದೋಣಿಗೆ 9.9 ಅಶ್ವಶಕ್ತಿ ಸಾಲದು. ನನ್ನದು ಅಷ್ಟೇ ಬಲದ, ಯಮಹಾದ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್. ಎರಡು ಸಿಲಿಂಡರ್, 246 ಸಿಸಿ. 15 ಅಶ್ವಶಕ್ತಿಯ ಮಾದರಿಯೂ ಅಷ್ಟೇ ಸಿಸಿಯದು. ಹಾಗಾದರೆ ಬಲವನ್ನು ತಡೆದಿರುವುದು ಗಾಳಿ, ಪೆಟ್ರೋಲ್ ಒಳಹೋಗುವ ದಾರಿ ಎಂದು ಅಲ್ಲಿಂದಲೇ ಕೆಲಸ ಶುರು ಮಾಡಿದೆ.

ಬಿಚ್ಚುವ ಮೊದಲು ಎರಡೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ, ಅಳೆದೆ. ಒಂದು ಇನ್ನೊಂದಕ್ಕಿಂತ ಬಹಳ ಕಡಿಮೆ ಇದ್ದರೆ ಪಿಸ್ಟನ್ನಿನ ರಿಂಗ್ ಸರಿಪಡಿಸದೆ ಮುಂದುವರಿಯಬಾರದು. ಎಂಜಿನ್ ತಂಪಾಗಿಸುವ ನೀರಿನ ಪಂಪಿನ ಇಂಪೆಲ್ಲರನ್ನೂ (ನೀರು ತಳ್ಳುವ ಚಕ್ರ) ಹೊಸದು ಹಾಕಿದೆ. ಬಲ ಹೆಚ್ಚಿದರೆ ಶಾಖವೂ ಹೆಚ್ಚುತ್ತದೆ.

ಬಳಿಕ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನು 15 ಅಶ್ವಶಕ್ತಿಯ ಮಾದರಿಯದು ಕೂರಿಸಿದೆ. ನಿಜವಾದ ಕೆಲಸ ಜೆಟ್, ಅಂದರೆ ಅದರೊಳಗೆ ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಸಣ್ಣ ತೂತಿನ ಭಾಗ, ಆರಿಸುವುದರಲ್ಲಿದೆ. ಲಿಂಗನಮಕ್ಕಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಇಲ್ಲಿನ ಗಾಳಿ ಕರಾವಳಿಗಿಂತ ತೆಳು, ಆದ್ದರಿಂದ ಗಂಗೊಳ್ಳಿಯಲ್ಲಿ ಸರಿಹೋದ ಜೆಟ್ ಇಲ್ಲಿ ಪೆಟ್ರೋಲನ್ನು ತುಸು ಹೆಚ್ಚೇ ಕೊಡುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಾದರೋ ಜೆಟ್ ದೊಡ್ಡದಿರಲಿ ಎನ್ನುತ್ತದೆ. ಲೆಕ್ಕ ಹಾಕಿ ಕೂರುವುದಕ್ಕಿಂತ ಸ್ಪಾರ್ಕ್ ಪ್ಲಗ್ ನೋಡುವುದೇ ಮೇಲು. ಪೂರ್ಣ ವೇಗದಲ್ಲಿ ಓಡಿಸಿ, ಅಲ್ಲಿಯೇ ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡುತ್ತೇನೆ. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಬಿಳುಪು ಕಂಡರೆ ಕೂಡಲೇ ದೊಡ್ಡ ಜೆಟ್ ಹಾಕಬೇಕು. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಶಾಖವೂ ಏರುತ್ತದೆ, ಜಾರುವಿಕೆಯೂ ತಪ್ಪುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ದಡ ದೂರವಿರುವಾಗ ಇದು ಜೀವದ ಪ್ರಶ್ನೆ.

ಕಂಪ್ರೆಷನ್ ಏರಲೆಂದು ಹೆಡ್ಡನ್ನು (ಸಿಲಿಂಡರಿನ ಮೇಲಿನ ಮುಚ್ಚಳ) ಲೇತಿನಲ್ಲಿ ಸ್ವಲ್ಪವೇ ಕೆರೆಸಿದೆ. ಪ್ಲಗ್ಗಿನ ತೂತಿನಿಂದ ಸೋಲ್ಡರಿಂಗಿನ ಮೆದು ತಂತಿ ತೂರಿಸಿ ಫ್ಲೈವೀಲ್ ತಿರುಗಿಸಿದರೆ, ಚಪ್ಪಟೆಯಾದ ತುದಿಯ ದಪ್ಪವೇ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ. ಒಂದು ಮಿಲಿಮೀಟರಿಗೆ ನಿಲ್ಲಿಸಿದೆ.

ಎಕ್ಸಾಸ್ಟ್ ಪೋರ್ಟನ್ನು (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಮೇಲಕ್ಕೆ ಕೊರೆಯಲು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಬಲ ಮೇಲಿನ ವೇಗಕ್ಕೆ ಸರಿಯುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ಪಂದ್ಯದ ದೋಣಿಗೆ ಅದು ಸರಿ; ಜನ, ಮೂಟೆ ಹೊತ್ತ ದೋಣಿ ದಡ ಬಿಡುವಾಗ ಬೇಕಿರುವುದು ಎಳೆತವೇ.

ಕೊನೆಗೆ ಪ್ರೊಪೆಲ್ಲರ್. ಈ ಎಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 4500ರಿಂದ 5500 ಸುತ್ತುಗಳ ಒಳಗಿರಬೇಕು. ಮಿತಿ ದಾಟಿದರೆ ಹೆಚ್ಚು ಪಿಚ್ಚಿನದು, ಅಂದರೆ ಒಂದು ಸುತ್ತಿಗೆ ಹೆಚ್ಚು ದೂರ ತಳ್ಳುವಂಥದ್ದು, ಹಾಕಬೇಕು. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಾಗುತ್ತವೆ, ಹಾಗಾಗಿ ನಾನು ಬದಲಿ ಪ್ರೊಪೆಲ್ಲರ್ ಮತ್ತು ಅದರ ಪಿನ್ನನ್ನು ದೋಣಿಯಲ್ಲೇ ಇಟ್ಟುಕೊಂಡಿರುತ್ತೇನೆ. ಎಂಜಿನ್ ಕೂರುವ ಹಿಂಬದಿಯ ಹಲಗೆ 15 ಅಶ್ವಶಕ್ತಿಯನ್ನು ತಾಳುತ್ತದೆಯೇ ಎಂದು ದೋಣಿ ಕಟ್ಟಿದವರನ್ನು ಕೇಳಿಯೇ ಈ ಕೆಲಸಕ್ಕೆ ಕೈ ಹಾಕಬೇಕು.