ಎಂಟು ಜನ, ಒಂದು ಡಬ್ಬಿ, 19 ಊಟ

ಹೋದ ತಿಂಗಳ ಕೊನೆಯ ಗುರುವಾರ ನಮ್ಮ ಗುಂಪಿನ 19ನೇ ಊಟ ಮುಗಿಯಿತು. ಎಂಟೂ ಜನ ಬಂದಿದ್ದರು. ಯಾರೂ ಜೇಬಿಗೆ ಕೈ ಹಾಕಲಿಲ್ಲ. ರಾತ್ರಿ 9ರೊಳಗೆ ಎಲ್ಲರೂ ಮನೆ ಸೇರಿದೆವು. ನಾಲ್ಕು ವರ್ಷದ ಹಿಂದೆ, ಮಡಿಕೇರಿಯಲ್ಲಿದ್ದುಕೊಂಡೇ ದೇಶ ದೇಶದ ಊಟ ಮಾಡುವ ಗುಂಪು ಕಟ್ಟುತ್ತೇನೆ ಅಂದಾಗ, ಮೈಸೂರಲ್ಲಿ ಇಂಥದ್ದೇ ಗುಂಪು ನಡೆಸುತ್ತಿದ್ದ ಗೆಳೆಯರೊಬ್ಬರು, "ಕೊಡಗಲ್ಲಿ ಪಂದಿಕರಿ ಬಿಟ್ರೆ ಇನ್ನೇನ್ ಸಿಗುತ್ತೆ? ಮೂರು ತಿಂಗಳು ನಡೆದ್ರೆ ಹೆಚ್ಚು" ಅಂದಿದ್ದರು. ಅವರ ಗುಂಪು ಈಗ ನಿಂತಿದೆ. ಹೇಗೆ ಮಾಡಿದಿರಿ ಅಂತ ಅವರೇ ಫೋನ್ ಮಾಡಿ ಕೇಳಿದರು. ಅದಕ್ಕೇ ಬರೆಯಲು ಕೂತೆ. ಜನ ಸೇರಿಸುವುದು, ಟೇಬಲ್ ಹೇಳಿಡುವುದು ನಿಮಗೆಲ್ಲ ಗೊತ್ತಿರುವುದೇ. ನಾನು ಕಳೆದುಕೊಂಡ ದುಡ್ಡಿನಿಂದ ಶುರು ಮಾಡುತ್ತೇನೆ.

ಮೊದಲನೆಯದು ಇಟಲಿಯ ಊಟ, ಮೈಸೂರಲ್ಲಿ. 14 ಜನ ಬರುತ್ತೇವೆ ಅಂದರು. ಟೆಂಪೊ ಟ್ರಾವೆಲರ್ ಗಾಡಿಗೇ 7 ಸಾವಿರದ ಹತ್ತಿರ ಆಯಿತು. ಬೆಳಿಗ್ಗೆ ಮೂರು ಜನ ಕೈ ಕೊಟ್ಟರು. ಬಿಲ್ ಸಮನಾಗಿ ಹಂಚಿದಾಗ ಬರೀ ಪಾಸ್ತಾ ತಿಂದವರಿಗೆ ಬೇಜಾರು. ಕೊನೆಗೆ ನನ್ನ ಕೈಯಿಂದ 4 ಸಾವಿರ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಎರಡು ಟೇಬಲ್ ಆಗಿದ್ದರಿಂದ ಆ ಕಡೆಯವರು ಏನು ತಿಂದರು ಅಂತ ಈ ಕಡೆಯವರಿಗೆ ಗೊತ್ತೇ ಆಗಲಿಲ್ಲ. ಅದಕ್ಕೆ ಗುಂಪು ಯಾಕೆ ಬೇಕು, ಅಲ್ವಾ?

ಎರಡನೇ ಸಲ ಬೈಲಕುಪ್ಪೆಗೆ ಹೋದೆವು. 1961ರಲ್ಲಿ ಶುರುವಾದ ಟಿಬೆಟಿಯನ್ನರ ಊರು, ಕುಶಾಲನಗರ ದಾಟಿದರೆ ಸಿಕ್ಕೇಬಿಡುತ್ತದೆ. ಹತ್ತಿರ ಇದೆಯಲ್ಲ ಅಂತ ಸುಮ್ನೆ ಹೊರಟೆವು. ನಾವು ಹೋದ ದಿನ ಲೋಸಾರ್, ಅವರ ಹೊಸ ವರ್ಷ. ನಾವು ನಂಬಿಕೊಂಡಿದ್ದ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು. ಕುಶಾಲನಗರಕ್ಕೆ ವಾಪಸ್ ಬಂದು ಮಸಾಲೆದೋಸೆ ತಿಂದೆವು.

ಮೂರನೆಯದು ಜುಲೈ ತಿಂಗಳು, ಮತ್ತೆ ಮೈಸೂರು. ಬರುವಾಗ ಆನೆಕಾಡಲ್ಲಿ ರಸ್ತೆ ಮೇಲೇ ಆನೆ ನಿಂತಿತ್ತು. ಮುಕ್ಕಾಲು ಗಂಟೆ ಲೈಟ್ ಆರಿಸಿ ಕೂತೆವು. ಸುಂಟಿಕೊಪ್ಪ ದಾಟಿದ ಮೇಲೆ ಮರ ಬಿದ್ದಿತ್ತು. ಮನೆ ಸೇರುವಾಗ ರಾತ್ರಿ ಒಂದೂವರೆ. ನಮ್ಮ ಗುಂಪಿನ ಟೀಚರಕ್ಕನ ಮನೆಯವರು ಮಾರನೇ ದಿನವೇ ಫೋನ್ ಮಾಡಿ, "ಇದೆಲ್ಲ ಇನ್ನು ಬೇಡ ಅಣ್ಣಾ" ಅಂದರು.

ಆರು ತಿಂಗಳು ಬಿಟ್ಟುಬಿಟ್ಟೆ. ಮತ್ತೆ ಶುರು ಮಾಡಿದ್ದು ದುಡ್ಡು ಕೂಡಿಸುವ ಡಬ್ಬಿಯಿಂದ. ಎಂಟೇ ಜನ, ಒಂದೇ ಟೇಬಲ್. ತಿಂಗಳಿಗೆ ತಲೆಗೆ 400 ರೂಪಾಯಿ, ಬಂದರೂ ಸರಿ, ಬರದಿದ್ದರೂ ಸರಿ. ವಾಪಸ್ ಕೇಳುವ ಹಾಗಿಲ್ಲ. ಎರಡು ತಿಂಗಳಿಗೆ 6,400 ಸೇರುತ್ತದೆ. ನಮ್ಮ ಗುಂಪಿನಲ್ಲಿ ಎಸ್ಟೇಟ್ ರೈಟರ್, ಅಂದರೆ ತೋಟದ ಆಳು ಲೆಕ್ಕ ನೋಡಿಕೊಳ್ಳುವವರು, ಒಬ್ಬರಿದ್ದಾರೆ. "ತಿನ್ನದೇ ಇರೋ ಊಟಕ್ಕೆ ದುಡ್ಡಾ?" ಅಂತ ಅವರು ತುಂಬಾ ವಾದ ಮಾಡಿದರು. ಆಮೇಲೆ ಒಂದು ಊಟವನ್ನೂ ಅವರು ತಪ್ಪಿಸಿಲ್ಲ. ಕಟ್ಟಿದ ದುಡ್ಡು ಜನರನ್ನು ಎಳೆದುಕೊಂಡು ಬರುತ್ತದೆ. ಗಾಡಿ ನಮ್ಮದೇ ಎರಡು, ಡೀಸೆಲ್ ಡಬ್ಬಿಯದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಗ ಊಟ ಇಟ್ಟರೆ ಅರ್ಧ ಜನ ಬರುವುದಿಲ್ಲ. ಜುಲೈ, ಆಗಸ್ಟ್ ಮಳೆ. ಉಳಿದ ತಿಂಗಳಲ್ಲಿ ವಾರದ ಮಧ್ಯೆ ಹೋಗುತ್ತೇವೆ, ಸಂಜೆ ಐದೂವರೆಗೆ ಎಲೆ ಮುಂದೆ ಕೂತಿರುತ್ತೇವೆ. ಆ ಹೊತ್ತಿಗೆ ಹೋಟೆಲ್ ಖಾಲಿ, ಅಡಿಗೆಯವರಿಗೆ ಪುರುಸೊತ್ತು. ಆನೆ ರಸ್ತೆಗೆ ಬರುವ ಮೊದಲೇ ನಾವು ಕಾಡು ದಾಟಿರುತ್ತೇವೆ.

ಇನ್ನು ಹೋಟೆಲ್ ಹುಡುಕುವುದನ್ನೇ ಬಿಟ್ಟೆ, ಅಡಿಗೆ ಮಾಡುವವರನ್ನು ಹುಡುಕಿದೆ. ವಾರ ಮೊದಲೇ ಅವರ ಜೊತೆ ನಾನೇ ಮಾತಾಡುತ್ತೇನೆ, ಮಾಲೀಕರ ಜೊತೆ ಅಲ್ಲ. ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದ ಮೇಲೆ ಮೆನು ಕಾರ್ಡಿನಲ್ಲಿ ಇಲ್ಲದ್ದು ಬರುತ್ತದೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಬೈಲಕುಪ್ಪೆಯಲ್ಲಿ ಹಾಗೆ ಸಿಕ್ಕವರು ಒಬ್ಬ ಹಿರಿಯ ಹೆಂಗಸು. ನಾವು ಅವರನ್ನು ಅಮಾಲಾ ಅನ್ನುತ್ತೇವೆ, ಟಿಬೆಟಿಯನ್ನರು ಅಮ್ಮನನ್ನು ಗೌರವದಿಂದ ಕರೆಯುವುದು ಹಾಗೇ. ನಮಗಿಂತ ಸ್ಪಷ್ಟವಾಗಿ ಕನ್ನಡ ಮಾತಾಡುತ್ತಾರೆ. ಯಾವ ಕ್ಯಾಂಪ್, ಯಾವ ಮನೆ ಅಂತ ಕೇಳಬೇಡಿ. ಮೋಮೊ ಎಲ್ಲರೂ ತಿಂದಿರುತ್ತೀರಿ. ಅವರು ಕೊಟ್ಟಿದ್ದು ಕೈಯಲ್ಲೇ ಎಳೆದ ಹಿಟ್ಟಿನ ಥುಕ್ಪಾ ಅನ್ನುವ ನೂಡಲ್ಸ್ ಸೂಪು, ಬೆಣ್ಣೆ ಉಪ್ಪು ಹಾಕಿದ ಚಹಾ, ಆಮೇಲೆ ಟಿಂಗ್ಮೊ. ಟಿಂಗ್ಮೊ ಅಂದರೆ ಮೈದಾ ಹಿಟ್ಟು ಹುದುಗಿಸಿ, ಮಡಿಸಿ, ಹಬೆಯಲ್ಲಿ ಬೇಯಿಸಿದ್ದು. ಬಿಡಿಸಿದರೆ ಪದರ ಪದರ. ಎಂಟು ಜನಕ್ಕೆ 2,300 ಆಯಿತು ಅಂತ ನೆನಪು. ಮಿಕ್ಕ ಟಿಂಗ್ಮೊ ಮನೆಗೆ ತಂದು ಪಂದಿಕರಿಗೆ ಅದ್ದಿ ತಿಂದೆ. ಪಂದಿಕರಿಯ ಜೊತೆ ತಿನ್ನುವ ನಮ್ಮ ಅಕ್ಕಿ ಉಂಡೆ ಕಡಂಬಿಟ್ಟನ್ನು ಬಿಟ್ಟುಕೊಡುವವನಲ್ಲ ನಾನು. ಆದರೂ ಹೇಳುತ್ತೇನೆ, ಆ ಪದರಗಳ ಒಳಗೆ ಗ್ರೇವಿ ಇಳಿಯುವುದೇ ಬೇರೆ.

ಯೆಮೆನ್ ಊಟಕ್ಕೆ ವಿರಾಜಪೇಟೆ, ಮಾಕುಟ್ಟ ಮೇಲೆ ತಲಶ್ಶೇರಿಗೆ ಇಳಿದೆವು. ಯೆಮೆನ್‌ನ ಮಂದಿ ಅನ್ನುವ ಮಾಂಸದ ಅನ್ನಕ್ಕೆ ಅಲ್ಲಿ ಕುಳಿಮಂದಿ ಅನ್ನುತ್ತಾರೆ. ನೆಲದ ಕುಳಿಯಲ್ಲಿ ಕೆಳಗೆ ಅಕ್ಕಿ, ಮೇಲೆ ಮಾಂಸ, ಬಾಯಿ ಮುಚ್ಚಿ ಬೇಯಿಸುವುದು. ಮಾಂಸದ ರಸ, ಕೊಬ್ಬು ಎಲ್ಲ ಅನ್ನಕ್ಕೇ ಇಳಿಯುತ್ತದೆ. ಇದರಲ್ಲಿ ಒಂದೇ ಗುಟ್ಟು: ಕುಳಿ ಎಷ್ಟು ಗಂಟೆಗೆ ತೆಗೆಯುತ್ತೀರಿ ಅಂತ ಹಿಂದಿನ ದಿನ ಕೇಳಿ, ಸರಿಯಾಗಿ ಆ ಹೊತ್ತಿಗೆ ಹೋಗಬೇಕು. ಎರಡು ಗಂಟೆ ತಡವಾದರೆ ಅದು ಬರೀ ಬಿಸಿ ಮಾಡಿದ ಅನ್ನ. ರಾತ್ರಿ ಘಾಟಿ ಹತ್ತುವುದು ಬೇಡ ಅಂತ ಗುಂಪಿನವರೊಬ್ಬರ ತಂಗಿ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಆ ತಂಗಿ ಗೋಧಿ, ಕೋಳಿ ಹಾಕಿ ಅಲೀಸ ಮಾಡಿದ್ದರು. ಅರಬರ ಹರೀಸ್ ಮಲಬಾರಿಗೆ ಬಂದು ಅಲೀಸ ಆಗಿದೆ. ಯೆಮೆನ್ ಹುಡುಕಿಕೊಂಡು ಹೋದವರಿಗೆ ತಿಂಡಿಯೂ ಅರಬರದೇ ಸಿಕ್ಕಿತು.

ಹೊರಗೆ ಸಿಗದಿದ್ದದ್ದನ್ನು ಮನೆಯಲ್ಲೇ ಮಾಡಿ ನೋಡಿದ್ದೂ ಇದೆ, ಅದು 19ರ ಲೆಕ್ಕದಲ್ಲಿಲ್ಲ. ಫಿಲಿಪೀನ್ಸಿನ ಅಡೋಬೊಗೆ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು ಬೇಕು. ನಮ್ಮಲ್ಲಿ ಕಾಚಂಪುಳಿ ಇರುವಾಗ ವಿನೆಗರ್ ಯಾಕೆ ಅಂತ ಅದನ್ನೇ ಅರ್ಧ ಲೋಟ ಸುರಿದೆ. ಒಂದೂವರೆ ಕಿಲೋ ಪಂದಿ ಮಾಂಸ ಹಾಳು. ಕಾಚಂಪುಳಿ ಬತ್ತಿಸಿದ ಹುಳಿ, ವಿನೆಗರ್ ಅಳತೆ ಅದಕ್ಕೆ ಆಗುವುದಿಲ್ಲ. ಮುಂದಿನ ಸಲ ಕಿಲೋಗೆ ಎರಡು ಚಮಚ, ಅರ್ಧ ಲೋಟ ನೀರಲ್ಲಿ ಕದಡಿ ಹಾಕಿದೆ. ಈಗ ಹಬ್ಬಕ್ಕೆ ಬರುವ ನೆಂಟರು ಅದನ್ನೇ ಕೇಳುತ್ತಾರೆ.

ಇಂಜೆರಾ ಅಂದರೆ ಇಥಿಯೋಪಿಯಾದ ಹುಳಿ ದೋಸೆ. ಅದಕ್ಕೆ ಬೇಕಾದ ಟೆಫ್ ಅನ್ನುವ ಧಾನ್ಯದ ಹಿಟ್ಟು ಸಿಗಲಿಲ್ಲ, ರಾಗಿ ಹಾಕಿದೆ. ಮಡಿಕೇರಿ ಮಳೆಯಲ್ಲಿ ಮೂರು ದಿನ ಇಟ್ಟರೂ ಹುಳಿ ಬರಲಿಲ್ಲ. ಸೌದೆ ಒಲೆ ಪಕ್ಕ ಇಟ್ಟ ಮೇಲೆ ನಾಲ್ಕನೇ ದಿನ ಉಕ್ಕಿತು. ಕಾವಲಿಯಲ್ಲಿ ಒಂದೇ ಕಡೆ ಬೇಯಿಸಬೇಕು, ಮೇಲೆ ಕಣ್ಣು ಕಣ್ಣು ಬಿಡಬೇಕು. ಮೊದಲ ಐದು ಮುರಿದವು. ಕಾಲು ಪಾಲು ಗೋಧಿ ಹಿಟ್ಟು ಬೆರೆಸಿದ ಮೇಲೆ ನಿಂತವು. ದೊಡ್ಡ ಹರಿವಾಣದಲ್ಲಿ ಹಾಸಿ, ಮೇಲೆ ಪಲ್ಯ ಸಾರು ಬಡಿಸಿ, ಎಂಟೂ ಜನ ಸುತ್ತ ಕೂತು ಒಂದೇ ತಟ್ಟೆಯಿಂದ ತಿಂದೆವು. ಅವತ್ತು ಟೀಚರಕ್ಕನ ಮನೆಯವರೂ ಬಂದಿದ್ದರು. ಈಗ ಗಾಡಿ ಓಡಿಸುವುದು ಅವರೇ.

ಡಬ್ಬಿಯಲ್ಲಿ ಈಗ 2,150 ರೂಪಾಯಿ ಉಳಿದಿದೆ. ಜಪಾನಿನ ಊಟಕ್ಕೆ ಬೆಂಗಳೂರಿಗೇ ಹೋಗಬೇಕು, ಅದಕ್ಕೆ ಎರಡು ಕಂತು ಹೆಚ್ಚಿಗೆ ಕೂಡಿಸುತ್ತಿದ್ದೇವೆ. ಅದಕ್ಕೂ ಮೊದಲು ಸೆಪ್ಟೆಂಬರಿನಲ್ಲಿ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಆದ ವಾರ, ಅಮಾಲಾ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಕಡಂಬಿಟ್ಟು ಮಾಡುವುದನ್ನು ಹತ್ತಿರ ಕೂತು ನೋಡಬೇಕಂತೆ.